ಕೂದಲೆಳೆ ಬಿರುಕು, ಕಾಕಾನ ಸಿಟ್ಟು

ಡೊಂಬಿವಲಿಯ ಕಾಕಾನ ಮನೆಯ ಪುಟ್ಟ ಹಾಲ್‌ನಲ್ಲಿ ಅಂದು ನಾವು ನಾಲ್ವರಿದ್ದೆವು: ನಾನು, ನನ್ನ ಚಿಕ್ಕಪ್ಪ ಕಾಕಾ, ಚಿಕ್ಕಮ್ಮ ಕಾಕು ಮತ್ತು ಕಾಕಾನ ಕಾರ್ಖಾನೆಯ ಮಾಲೀಕರು. ಐದನೆಯದು ಕಾಕಾನ ಸಿಟ್ಟು. ಜಾಗವೆಲ್ಲ ಅದಕ್ಕೇ ಬೇಕು!

ಹಲ್ಲುಜ್ಜುವ ಮೊದಲೇ ಯಾರನ್ನಾದರೂ ಬೈಯಬಲ್ಲವರು ನಮ್ಮ ಕಾಕಾ. ಸೀವುಡ್ಸ್‌ನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದವರು ಗೋಡೆಯಲ್ಲೊಂದು ಬಿರುಕು ಕಂಡು, ಉಣ್ಣದೆ, ಬೈದು ಬಂದರು! ಬಿರುಕು ಕಂಡು ಸುಮ್ಮನಿರುವುದು ಹೇಗೆ? ಅವರು ಕಬ್ಬಿಣ ಕಾಯಿಸುವ ಭಟ್ಟಿಯೊಳಗೆ ಭಾರ ಹೊರುವ ಕಪ್ಪು ತಟ್ಟೆಗಳಿಗೆ ಲೇಪ ಹಾಕಿಸುವ ಫೋರ್‌ಮನ್. ಇಂಗಾಲದ ನೂಲು ನೇಯ್ದು, ನಡುವೆ ಇಂಗಾಲವನ್ನೇ ತುಂಬಿದ ತಟ್ಟೆ ಅದು. ಉಕ್ಕು ಬಾಗುವ ಕಾವಿನಲ್ಲೂ ಬಾಗದು. ಆದರೆ ಆ ಕಾವಿನಲ್ಲಿ ಗಾಳಿ ಸೋಕಿತೋ, ಇದ್ದಲಿನಂತೆ ಉರಿದುಹೋಗುತ್ತದೆ. ಅದಕ್ಕೇ ಮೈತುಂಬ ಪಿಂಗಾಣಿಯಂಥ ಲೇಪ.

ಒಂದು ತಟ್ಟೆಯ ಲೇಪ ಬಿರುಕು ಬಿಟ್ಟಿತ್ತು.

“ಕೂದಲೆಳೆಯಷ್ಟು ಉಂಟು, ಅಷ್ಟೇ ಮಾರಾಯ್ರೆ. ಚಲ್ತಾ ಹೈ! ತಟ್ಟೆ ಸರಿ ಉಂಟೂಂತ ಸಹಿ ಹಾಕಿ,” ಎಂದರು ಕರಾವಳಿ ಕಡೆಯ ಆ ಮಾಲೀಕರು.

“ಗಾಳಿಗೆ ಎಷ್ಟ್ ದೊಡ್ಡ ಬಾಗ್ಲಾ ಬೇಕ್ರಿ? ನಿಮ್ಮ ಹೊಟ್ಟಿ ಹಿಡಿಯೋವಷ್ಟು?” ಕಾಕಾ ಗುಡುಗಿದರು.

ಕಾಕಾ ಎದ್ದು ಅಡುಗೆಮನೆಗೆ ನುಗ್ಗಿ, ಜೇಬಿನಿಂದ ಎರಡು ಕಪ್ಪು ಚೂರು ತೆಗೆದು ಗ್ಯಾಸಿನ ಉರಿಗೆ ಇಟ್ಟರು. ಒಂದರ ಲೇಪ ನೆಟ್ಟಗಿತ್ತು, ಇನ್ನೊಂದರದು ಬಿರಿದಿತ್ತು.

“ಉಪ್ಪಿಟ್ಟಿನ ಎಸರು ಇಳಿಸಿದ್ರಲ್ರೀ! ಸಿಲಿಂಡರ್ ಮುಗೀಲಿಕ್ಕೆ ಬಂದೈತಿ!” ಕಾಕು ಕೂಗಿದರು.

“ಉಪ್ಪಿಟ್ಟು ಸುಟ್ರ ಮತ್ತೊಮ್ಮೆ ಮಾಡಬಹುದು. ಮನುಷ್ಯಾನ್ನ ಮಾಡಾಕ ಬರ್ತೈತೇನ?”

ಎರಡು ತಾಸಿಗೆ ಸಿಲಿಂಡರೇ ಮುಗಿಯಿತು. ಆರಿದ ಚೂರುಗಳಿಗೆ ಕಾಕಾ ಲಟ್ಟಣಿಗೆಯಿಂದ ಬಾರಿಸಿದರು. ಮೊದಲನೆಯದು ಠಣ್ ಎಂದಿತು. ಎರಡನೆಯದು ಹಪ್ಪಳದಂತೆ ಪುಡಿಯಾಯಿತು. ಬಾರಿಸುವವರೆಗೂ ಹೊರಗೆ ಲೇಪ ಹಾಗೇ ಇತ್ತು, ಒಳಗೆ ಇಂಗಾಲ ಉರಿದು ಪೊಳ್ಳು!

ಮಾಲೀಕರು ಎದ್ದುಹೋದರು. ಬುದ್ಧಿ ಬಂತೆಂದುಕೊಂಡಿರಾ? ಮರುದಿನ ತಟ್ಟೆ ಕಾಕಾನ ಸಹಿಯಿಲ್ಲದೆಯೇ ಮಾಜಿವಾಡಾದ ಗಿರಾಕಿಯ ಭಟ್ಟಿಗೆ ಹೋಯಿತು. ಕಾಕಾನ ಕೆಲಸವೂ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

ಕಾಕಾ ಮಾತ್ರ ದಿನಾ ಬಸ್ಸು ಹಿಡಿದು ಮಾಜಿವಾಡಾಕ್ಕೆ ಹೋದರು. ಗೇಟಿನ ಹೊರಗೆ ಚಹಾ ಕುಡಿಯುವ ಭಟ್ಟಿಯ ಕೆಲಸಗಾರರನ್ನು, ಹೆಸರೂ ಗೊತ್ತಿಲ್ಲದವರನ್ನು, ಬಾಯಿಗೆ ಬಂದಂತೆ ಬೈದರು. ಭಟ್ಟಿಯ ಬಾಗಿಲು ತೆಗೆಯುವಾಗ ಎದುರಿಗೆ ನಿಂತರೆ ಕಾಲು ಮುರಿಯುತ್ತೇನೆಂದು ಹರಕು ಹಿಂದಿಯಲ್ಲಿ ಹೆದರಿಸಿದರು. “ಆಗಯಾ ಗುಸ್ಸೇವಾಲಾ ಕಾಕಾ!” ಸಿಟ್ಟಿನ ಕಾಕಾ ಬಂದ ಎಂದು ಕೆಲಸಗಾರರು ನಕ್ಕರು. ಕೊನೆಗೆ ಈ ಕಾಟ ತಪ್ಪಲೆಂದೇ ಭಟ್ಟಿಯಿಂದ ದೂರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದರಾಚೆ ನಿಲ್ಲತೊಡಗಿದರು.

ಎರಡನೆಯ ವಾರ, ಬಾಗಿಲು ತೆಗೆಯುತ್ತಲೇ ತಟ್ಟೆ ಮುರಿದು ಕೆಂಡದಂಥ ಕಬ್ಬಿಣ ಹೊರಕ್ಕೆ ಉರುಳಿತು. ಗೆರೆಯೊಳಗೆ ಯಾರೂ ಇರಲಿಲ್ಲ.

ಕೆಲಸಗಾರರಲ್ಲೊಬ್ಬ ಕಾಕಾನಿಗೆ ಫೋನು ಮಾಡಿ ಹೇಳಿದ. ಕಾಕಾ ಬೈಯಲಿಲ್ಲ. ಫೋನು ಕೆಳಗಿಟ್ಟರು. ಆಮೇಲೆ ಕಾಕುವನ್ನು ಮೆಲ್ಲಗೆ ಕೇಳಿದರು:

“ಸಿಲಿಂಡರ್ ಬಂತೇನ? ಸ್ವಲ್ಪ ಉಪ್ಪಿಟ್ಟು ಮಾಡು. ಹಸಿವಾಗೇತಿ.”