ರೊಟ್ಟಿಗೆ ತಕ್ಕ ಹಲ್ಲು

ನಗುತ್ತಾ ಮಾತಾಡಿಸುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ತಕ್ಕಡಿ ನೋಡದೆ ನನ್ನ ಮುಖ ನೋಡಿ ನಗುವ ತರಕಾರಿಯವನ ಮೇಲೂ ನನಗೆ ಅನುಮಾನ, ಕರೆಂಟು ಹೋದಾಗ ನಮ್ಮ ಮನೆಯದನ್ನು ಮಾತ್ರ ತೆಗೆಸಿರಬೇಕೆಂದು ಎದುರು ಮನೆಯವರ ಮೇಲೂ ಅನುಮಾನ. ಇನ್ನು ‘ಆರಾಮಾಗಿ ಕೂತ್ಕೊಳ್ಳಿ ಅಂಕಲ್’ ಎನ್ನುವವರ ವಿಷಯವಂತೂ ಕೇಳಲೇಬೇಡಿ. ನನ್ನನ್ನು ಆರಾಮಾಗಿ ಕೂರಿಸಿದವರೆಲ್ಲ ಏನಾದರೊಂದು ಕಿತ್ತುಕೊಂಡೇ ಕಳಿಸಿದ್ದಾರೆ. ಹೆಂಡತಿ ಗೌರಮ್ಮ ಇದ್ದಾಗ ಇವನ್ನೆಲ್ಲ ಅವಳ ಮುಂದೆ ಹೇಳಿಕೊಂಡು ಹಗುರಾಗುತ್ತಿದ್ದೆ. ‘ಜಗತ್ತಿನಾಗ ನೀವೊಬ್ರ ಶಾಣ್ಯಾ ನೋಡ್ರಿ’ ಎಂದು ಅವಳು ಒಳಗೆ ಹೋಗಿಬಿಡುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಅವಳೂ ಹೋದಳು. ಈಗ ನನ್ನ ಅನುಮಾನಗಳು ಎಲ್ಲಿಗೂ ಹೋಗದೆ ಮನೆಯಲ್ಲೇ ಓಡಾಡಿಕೊಂಡಿವೆ.

ಅವಳು ಹೋದ ಸ್ವಲ್ಪ ದಿನಕ್ಕೇ ನನ್ನ ಕೆಳಸಾಲಿನಲ್ಲಿ ಅಲ್ಲಾಡುತ್ತಾ ಉಳಿದಿದ್ದ ಹಲ್ಲುಗಳೂ ಹೋದವು. ಮೂಡಲಪಾಳ್ಯದಲ್ಲಿರುವ ಮಗಳು ಶೈಲಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಮ್ಮ ಬಸವೇಶ್ವರನಗರದ ಹಲ್ಲಿನ ಕ್ಲಿನಿಕ್ಕಿಗೆ ಕರೆದೊಯ್ದಳು. ಕೆಳಗೆ ಬೇಕರಿ, ಮೇಲೆ ಕ್ಲಿನಿಕ್. ಇಬ್ಬರೂ ಒಬ್ಬರಿಗೊಬ್ಬರು ಗಿರಾಕಿ ಕಳಿಸುತ್ತಾರೆ ಎಂಬುದು ಮೆಟ್ಟಿಲಲ್ಲೇ ನನಗೆ ಹೊಳೆಯಿತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕೈ ನನ್ನ ಬಾಯಲ್ಲಿ, ಮಾತು ನನ್ನ ಮಗಳ ಜೊತೆ. ‘ಎರಡು ದಾರಿ ಇದೆ ಮೇಡಂ. ದವಡೆ ಮೂಳೆಗೆ ಸ್ಕ್ರೂ ಹಾಕಿ ಅದರ ಮೇಲೆ ಹಲ್ಲು ಕೂರಿಸೋದು, ಇಂಪ್ಲಾಂಟ್. ಗಟ್ಟಿ ಇರುತ್ತೆ, ಆದ್ರೆ ಮೂಳೆ ಹಿಡ್ಕೊಳ್ಳೋಕೆ ತಿಂಗಳುಗಟ್ಟಲೆ ಕಾಯ್ಬೇಕು. ಇಲ್ಲಾ ತೆಗೆದು ಹಾಕೋ ಸೆಟ್ಟು. ಬೇಗ ಆಗುತ್ತೆ, ಗಟ್ಟಿ ಪದಾರ್ಥಕ್ಕೆ ಸ್ವಲ್ಪ ಕಷ್ಟ.’ ಶೈಲಾ ತಕ್ಷಣ ‘ಇಂಪ್ಲಾಂಟೇ ಮಾಡಿ’ ಎಂದಳು. ಇಷ್ಟು ಬೇಗ ಒಪ್ಪಿಕೊಂಡರೆ ಯಾರಿಗಾದರೂ ಅನುಮಾನ ಬರುವುದಿಲ್ಲವೇ? ನಾನು ಮನೆಗೆ ಹೋಗಿ ಯೋಚಿಸುತ್ತೇನೆ ಎಂದೆ.

ಯೋಚಿಸುವುದಕ್ಕೆ ಪಾರ್ಕಿನ ಗೆಳೆಯ ಗುರುಪಾದಪ್ಪನವರ ಬಳಿ ಹೋದೆ. ಅವರದು ಮೇಲೂ ಕೆಳಗೂ ಸೆಟ್ಟು. ‘ಸ್ಕ್ರೂ ಗಿಕ್ರೂ ಬ್ಯಾಡ್ರಿ, ನಾವೇನು ಬಾಗಿಲಾ? ಸೆಟ್ಟು ಭಾಳ ಆರಾಮ’ ಎಂದರು. ಆಮೇಲೆ ಕಡಲೆಕಾಯಿ ಪೊಟ್ಟಣ ಬಿಚ್ಚುವ ಮೊದಲು ಆ ಆರಾಮದ ಸೆಟ್ಟನ್ನು ಬಾಯಿಂದ ತೆಗೆದು ಜೇಬಿಗೆ ಇಳಿಸಿದರು. ವಿಚಾರಿಸಿದರೆ, ಅವರು ಅದನ್ನು ಹಾಕಿಕೊಳ್ಳುವುದು ಮಾತಿಗೆ ಮತ್ತು ಫೋಟೋಕ್ಕೆ ಮಾತ್ರವಂತೆ.

ಇಷ್ಟಾದರೂ ನಾನು ಸೆಟ್ಟೇ ಸಾಕೆಂದೆ. ಮಗಳು ಹಟ ಎಂದುಕೊಂಡಳು. ಕಾರಣ ಅಡುಗೆಮನೆಯ ಮೇಲಿನ ಹಲಗೆಯಲ್ಲಿತ್ತು, ಯಾರಿಗೂ ಹೇಳಿರಲಿಲ್ಲ. ಗೌರಮ್ಮ ಆಸ್ಪತ್ರೆಗೆ ಸೇರುವ ಮೊದಲು ಬಿಳಿ ಬಟ್ಟೆ ಸುತ್ತಿ ಡಬ್ಬಿಯಲ್ಲಿ ಇಟ್ಟುಹೋದ ಜೋಳದ ಕಡಕ್ ರೊಟ್ಟಿ ಇನ್ನೂ ಉಳಿದಿದ್ದವು. ನಾವು ಬಾಗಲಕೋಟೆ ಕಡೆಯವರು. ಕಡಕ್ ರೊಟ್ಟಿ ನಮ್ಮಲ್ಲಿ ಹಪ್ಪಳದ ಹಾಗೆ, ಒಣಗಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮಳೆ ಹಿಡಿಯಿತೋ, ಮೆತ್ತಗಾಗಿ ಮುಗ್ಗಲು ವಾಸನೆ ಬರುತ್ತದೆ. ನೆನೆಸಿ ತಿನ್ನುವುದು ಅವಳಿಗೆ ಸೇರುತ್ತಿರಲಿಲ್ಲ. ನಾನು ತಿನ್ನುವಾಗ ಒಳಗಿಂದ ಕಿವಿಗೊಟ್ಟು ಕೇಳುತ್ತಿದ್ದಳು. ‘ಯಾಕ್ರೀ, ಸಪ್ಪಳನ ಬರವಲ್ದು? ಮೆತ್ತಗಾಗ್ಯಾವೇನು?’ ಎಂದು ಇನ್ನೊಂದು ಬಿಸಿ ಮಾಡಿ ತರುತ್ತಿದ್ದಳು. ನಾನೂ ಬಂದವರ ಮುಂದೆಲ್ಲ, ಅಂಗಡಿ ರೊಟ್ಟಿಯ ಸಪ್ಪಳವೇ ಬೇರೆ, ನಮ್ಮ ಮನೆಯ ರೊಟ್ಟಿಯ ಸಪ್ಪಳವೇ ಬೇರೆ, ಕಣ್ಣು ಮುಚ್ಚಿ ಹೇಳುತ್ತೇನೆ ಎನ್ನುತ್ತಿದ್ದೆ. ಉಳಿದ ರೊಟ್ಟಿಯನ್ನು ಮಳೆಗೆ ಮೊದಲು, ಸಪ್ಪಳ ಮಾಡಿ ತಿನ್ನಬೇಕಿತ್ತು. ಸ್ಕ್ರೂ ಮೂಳೆ ಹಿಡಿಯುವವರೆಗೆ ಮುಂಗಾರು ಕಾಯುತ್ತದೆಯೇ?

ಬಾಯಿಯ ಅಚ್ಚು ತೆಗೆದರು, ಅಳತೆ ತೆಗೆದರು. ಒಂದು ದಿನ ಹಾಕಿ ನೋಡಲು ಕರೆದರು. ‘ಇದಿನ್ನೂ ಮೇಣದ ಮೇಲೆ ಕೂರಿಸಿರೋದು ಅಂಕಲ್. ಕನ್ನಡೀಲಿ ನೋಡಿ, ಚೆನ್ನಾಗಿ ಕಾಣುತ್ತಾ ಹೇಳಿ ಸಾಕು. ಕಚ್ಚೋಕೆ ಹೋಗ್ಬೇಡಿ’ ಎಂದು ಡಾಕ್ಟರಮ್ಮ ಫೋನು ಬಂತೆಂದು ಹೊರಗೆ ಹೋದರು. ಕಚ್ಚಬೇಡಿ ಎಂದು ಹೇಳಿ ಹಲ್ಲು ಕೊಡುವವರನ್ನು ಹೇಗೆ ನಂಬುವುದು? ಚಪ್ಪಲಿಯನ್ನೂ ನಾಲ್ಕು ಹೆಜ್ಜೆ ನಡೆದು ನೋಡಿ ಕೊಳ್ಳುವವನು ನಾನು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ರೊಟ್ಟಿಯ ಚೂರನ್ನು ತೆಗೆದು, ಗೌರಮ್ಮನನ್ನು ನೆನೆದು, ಕಚ್ಚಿದೆ.

ಸಪ್ಪಳವೇನೋ ಬಂತು, ರೊಟ್ಟಿಯದಲ್ಲ. ಕೈಗೆ ಬಂದ ರೊಟ್ಟಿ ಇದ್ದ ಹಾಗೇ ಇತ್ತು. ಅದರ ಅಂಚಿಗೆ ಎರಡು ಹಲ್ಲು ಕಚ್ಚಿಕೊಂಡು ಕೂತಿದ್ದವು. ಇನ್ನೊಂದು ಉರುಳಿ ಕುರ್ಚಿಯ ಕೆಳಗೆ ಹೋಯಿತು.

ಅಷ್ಟರಲ್ಲಿ ಡಾಕ್ಟರಮ್ಮನೂ ಶೈಲಾಳೂ ಒಳಗೆ ಬಂದರು. ‘ಅಂಕಲ್, ಇದೇನಿದು?’

‘ರೊಟ್ಟಿ’ ಎಂದೆ. ಬಾಯಲ್ಲಿ ಉಳಿದ ಮೇಣದ ನಡುವೆ ಅದು ಯಾರಿಗೂ ಅರ್ಥವಾಗಲಿಲ್ಲ. ಅದನ್ನೂ ತೆಗೆಸಿಕೊಂಡು ಇದ್ದದ್ದನ್ನೆಲ್ಲ ಹೇಳಿದೆ. ನಿಮ್ಮವ್ವ ಮಾಡಿಟ್ಟುಹೋದದ್ದು, ಮಳೆ ಬರುತ್ತದೆ, ಅದಕ್ಕೇ ಎಂದೆ. ಶೈಲಾ ನಗಬಹುದೆಂದುಕೊಂಡೆ. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತಳು.

‘ಅಪ್ಪಾಜಿ, ಅವು ಅಮ್ಮ ಮಾಡಿದ್ದಲ್ಲ.’

‘ಮತ್ತೆ?’

‘ಕಾಮಾಕ್ಷಿಪಾಳ್ಯದಲ್ಲಿ ಸಾವಿತ್ರಕ್ಕ ಅಂತ ಇದಾರೆ, ರೊಟ್ಟಿ ಮಾಡಿ ಮಾರ್ತಾರೆ. ಅಮ್ಮಂಗೆ ಭುಜ ಹಿಡ್ಕೊಂಡ್ಮೇಲೆ ರೊಟ್ಟಿ ಬಡಿಯೋಕೆ ಎಲ್ಲಿ ಆಗ್ತಿತ್ತು? ಎಷ್ಟೋ ವರ್ಷದಿಂದ ನೀವು ಪಾರ್ಕಿಗೆ ಹೋದಾಗ ನಾನೇ ತಂದು ಕೊಡ್ತಾ ಇದ್ದೆ.’

‘ಸೆರಗಿಗೆ ಹಿಟ್ಟು ಹತ್ತಿರುತ್ತಿತ್ತಲ್ಲೇ?’

‘ಅದನ್ನ ಅಮ್ಮನೇ ಸವರ್ಕೊಳ್ತಿದ್ರು. “ನಿಮ್ಮಪ್ಪಗ ಗೊತ್ತಾದ್ರ ಹಿಟ್ಟಿನಾಗ ಏನ್ ಕಲಸ್ಯಾರೋ ಅಂತ ಮುಟ್ಟೂದಿಲ್ಲ, ಉಪಾಸ ಇರ್ತಾರ” ಅಂತಿದ್ರು.’

ಡಾಕ್ಟರಮ್ಮ ಬಗ್ಗಿ ಕುರ್ಚಿಯ ಕೆಳಗಿನ ಹಲ್ಲು ಹುಡುಕತೊಡಗಿದರು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು. ನಾನು ಕರವಸ್ತ್ರದಿಂದ ಮುಖ ಒರೆಸಿಕೊಂಡೆ. ರೊಟ್ಟಿಯ ಪುಡಿ ಕಣ್ಣಿಗೆ ಹೋಯಿತು. ಇಡೀ ಊರನ್ನು ಅನುಮಾನಿಸುವವನ ಮುಂದೆ ಒಬ್ಬ ಹೆಂಗಸು ವಾರವಾರವೂ ಹಿಟ್ಟು ಸವರಿಕೊಂಡು, ಬೇರೆಯವರ ರೊಟ್ಟಿಯ ಸಪ್ಪಳ ಸರಿಯಿದೆಯೇ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದಳು.

‘ಈ ಸೆಟ್ಟು ಮತ್ತೆ ಸರಿ ಮಾಡಿ ಕೊಡ್ಲಾ ಅಂಕಲ್?’ ಎಂದರು ಡಾಕ್ಟರಮ್ಮ, ಮೇಲೆದ್ದು.

‘ಬೇಡಮ್ಮ, ಸ್ಕ್ರೂನೇ ಹಾಕಿ. ಈಗ ನನಗೆ ಅವಸರವಿಲ್ಲ.’

ಹಾಕಿದ್ದಾರೆ. ಮೂಳೆ ಹಿಡಿಯುತ್ತಿದೆ ಎನ್ನುತ್ತಾರೆ, ನಿಜವಿರಬಹುದು. ಹೊರಗೆ ಮಳೆಯೂ ಹಿಡಿದಿದೆ. ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ, ಸಪ್ಪಳವಿಲ್ಲದೆ ತಿಂದು ಮುಗಿಸಿದೆ. ಹಲ್ಲು ಬಂದ ಮೇಲೆ ಸಾವಿತ್ರಕ್ಕನಲ್ಲಿ ಹೊಸದು ಹೇಳಿದರಾಯಿತು. ಅದೇ ಹಲಗೆಯ ಮೇಲೆ ಗೌರಮ್ಮನ ಶೇಂಗಾ ಚಟ್ನಿಪುಡಿಯ ಸೀಸೆಯೂ ಇದೆ, ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಅಂಥ ಪುಡಿಯನ್ನು ಅವಳೊಬ್ಬಳೇ ಮಾಡಬಲ್ಲಳು ಎಂದು ಈಗಲೂ ಎಲ್ಲರಿಗೂ ಹೇಳುತ್ತೇನೆ. ಶೈಲಾ ಬಂದಾಗಲೆಲ್ಲ ಆ ಸೀಸೆಯನ್ನು ನೋಡಿ ಏನೋ ಹೇಳಲು ಬಾಯಿ ತೆರೆಯುತ್ತಾಳೆ. ನಾನು ತಕ್ಷಣ ಹಲ್ಲಿನ ವಿಷಯ ಎತ್ತುತ್ತೇನೆ.