ಸೋರೆ ಹೂವಿನ ಕಾವಲು

ಮನೆಯಲ್ಲಿ ಬೀಜ ಕಾಪಾಡುವವಳಿಗೆ ಹುಳ, ಇಲಿ, ಮಳೆ ಮಾತ್ರ ವೈರಿಗಳು ಎಂದುಕೊಂಡವರು ನಮ್ಮ ಮನೆಗೆ ಬಂದು ನಾಲ್ಕು ದಿನ ಇರಬೇಕು. ನನ್ನನ್ನು ದಣಿಸಿದವರೆಲ್ಲ ನನ್ನ ಹಿತ ಬಯಸಿದವರೇ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮೂರು ಏಕಸಂಬಿ. ಶಾಲೆ ಕಾಣದ ನಾನು ಕಿರಾಣಿ ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತೆ. ಬೆಲ್ಲ ಕಟ್ಟಿಕೊಟ್ಟಿದ್ದ ಒಂದು ಕರಪತ್ರ ಓದಿ ಬೀಜ ಮಾಡುವುದನ್ನೂ ಕಲಿತೆ. ನನ್ನ ಹಿತ್ತಲಿನ ಸಿಹಿ ಸೋರೆಯ ಬೀಜಕ್ಕೆ ಸದಲಗಾದಿಂದ, ಕಬ್ಬೂರದಿಂದ ಜನ ಬರುತ್ತಿದ್ದರು.

ಗೋಡೆಯಾಚೆ ಪಕ್ಕದ ಮನೆಯವರು ಮಾತ್ರ ಕಹಿ ಸೋರೆ ಹಬ್ಬಿಸಿದ್ದರು. ಅದರ ಒಣ ಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಅವರ ಮಕ್ಕಳು ಹೊಳೆಯಲ್ಲಿ ಈಜು ಕಲಿಯಬೇಕಿತ್ತು. ಆ ಹೂವಿನ ಪರಾಗ ನಮ್ಮ ಹೆಣ್ಣು ಹೂವಿಗೆ ತಗುಲಿದರೆ ಆ ವರ್ಷದ ಕಾಯಿ ಸಿಹಿಯೇ. ಆದರೆ ಅದರ ಬೀಜ ಒಯ್ದು ಹಾಕಿದವರ ಬಳ್ಳಿಯಲ್ಲಿ ಕಹಿ ಬಿಡುತ್ತದೆ. ಒಬ್ಬರ ಪಲ್ಯ ಕಹಿಯಾದರೂ ನನ್ನ ಹೆಸರು ಮುಗಿಯಿತು. ಅದಕ್ಕೇ ದಿನಾ ನಾಲ್ಕು ಗಂಟೆಗೆ, ಅರಳಲಿರುವ ಹೆಣ್ಣು ಮೊಗ್ಗಿಗೆ ಬಟ್ಟೆಯ ಚೀಲ ಕಟ್ಟುತ್ತಿದ್ದೆ. ಹೊತ್ತು ಮುಳುಗುವಾಗ ಬಿಚ್ಚಿ, ನಮ್ಮದೇ ಗಂಡು ಹೂ ಸವರಿ, ಮತ್ತೆ ಕಟ್ಟುತ್ತಿದ್ದೆ. ಬೀಜದ ಕಾಯಿಗೆ ಗುರುತಿಗೊಂದು ಕೆಂಪು ದಾರ.

೧. ಹರಕೆ

ಒಂದು ಬೆಳಿಗ್ಗೆ ನೋಡಿದರೆ ದಾರ ಕಟ್ಟಿದ ಕಾಯಿಗಳಿಗೆಲ್ಲ ಅರಿಷಿಣ ಕುಂಕುಮ. ಹಾಲು ಹಾಕಲು ಬಂದ ಹೆಂಗಸು ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

"ಏನಬೇ ಇದು?"

"ಹರಕಿ ದಾರ ಅಲ್ಲೇನ್ರಿ ಅಕ್ಕಾರ? ನಾನೂ ಬೇಡ್ಕೊಂಡ್ನಿ, ನಮ್ಮ ಎಮ್ಮಿ ಗಬ್ಬ ನಿಂದ್ರಲಿ ಅಂತ."

ಗಂಡು ಹೂ, ಹೆಣ್ಣು ಹೂ, ಪರಾಗ ಎಲ್ಲವನ್ನೂ ಅರ್ಧ ತಾಸು ಬಿಡಿಸಿ ಹೇಳಿದೆ. ಪೂರಾ ಕೇಳಿ ಆಕೆ ಅಂದಳು: "ಅಂದ್ರ ನೀವೂ ಅದನ್ನ ಬೇಡಾಕತ್ತೀರಿ."

೨. ಬೀಗರು

ನಿಪ್ಪಾಣಿಯಿಂದ ಬೀಗರು ಬಂದ ದಿನ ನಮ್ಮ ಮನೆಯವರು ಬೀಜಕ್ಕೆ ಬಿಟ್ಟ ಕಾಯಿಯನ್ನೇ, ಅದಿನ್ನೂ ಎಳೆಯದಾಗಿರುವಾಗ, ಕಿತ್ತು ತಂದರು.

"ಕೆಂಪ ದಾರ ಕಾಣಲಿಲ್ಲೇನ್ರಿ?"

"ಕಂಡ್ತಲ್ಲ. ಚಲೋ ಕಾಯಿ ಹುಡುಕೇ ನೀ ದಾರ ಕಟ್ತಿ. ಬೀಗರಿಗೆ ಕೆಟ್ಟದ್ದ ಹಾಕೂದೇನ?"

ಜಗಳಕ್ಕೂ ತ್ರಾಣ ಉಳಿದಿರಲಿಲ್ಲ. ಪಲ್ಯ ಮಾಡಿ ಬಡಿಸಿದೆ. ಬೀಗರು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಹೋಗುವಾಗ ಬೀಜ ಕೇಳಿದರು.

೩. ಅತ್ತೆಯ ಕಟ್ಟು

ಬಳ್ಳಿಯ ತುಂಬ ಹೂವಿದ್ದಾಗಲೇ ರಾಯಬಾಗದ ತವರಿನಲ್ಲಿ ಮದುವೆ ಬಂತು. ಪಕ್ಕದ ಮನೆಯವರಿಗೆ ಬಳ್ಳಿ ತೆಗೆಯಿರೆಂದು ಕೇಳಿದೆ.

"ನಿಮ್ಮ ಬೀಜಕ್ಕ ನನ್ನ ಮಕ್ಕಳ ಮುಳಗಬೇಕೇನ್ರಿ?" ಅಂದರು.

ಬೇರೆ ದಾರಿಯಿಲ್ಲದೆ ಅತ್ತೆಗೆ ಚೀಲದ ಗಂಟು ಕೊಟ್ಟು, "ದಿನಾ ನಾಲ್ಕಕ್ಕ ಹೂ ಕಟ್ರಿ" ಎಂದು ಹೇಳಿ ಹೋದೆ.

ಮೂರು ದಿನ ಬಿಟ್ಟು ಬಂದರೆ ನಮ್ಮ ಬಳ್ಳಿಯಲ್ಲಿ ಒಂದೂ ಚೀಲವಿಲ್ಲ. ಈ ವರ್ಷದ ಬೀಜ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. "ಅಕ್ಕಾರ, ನಿಮ್ಮ ಅತ್ತಿಗೆ ಸ್ವಲ್ಪ ಹೇಳ್ರಿ."

ಗೋಡೆಯ ಮೇಲಿಂದ ಇಣುಕಿದೆ. ಅವರ ಬಳ್ಳಿಯ ಒಂದೊಂದು ಗಂಡು ಹೂವಿಗೂ ಚೀಲ. ಚೀಲ ಮುಗಿದ ಮೇಲೆ ನನ್ನ ಹಳೇ ಸೀರೆಯ ಚೂರು.

"ಅತ್ತಿ, ಅವರ ಹೂ ಯಾಕ ಕಟ್ಟೀರಿ?"

ಅತ್ತೆ ಎಲೆಗೆ ಸುಣ್ಣ ಸವರುತ್ತ ಅಂದರು: "ನಾಕ ವರ್ಸಾತು ನೋಡಾಕತ್ತೀನಿ. ದಿನಾ ನಮ್ಮನಿ ಹೆಣ್ಣಮಕ್ಕಳನ್ನ ಕಟ್ಟಿ ಹಾಕ್ತಿ. ಗ್ವಾಡಿ ಹಾರಿ ಬರಾಂವ ಅವರ ಮನ್ಯಾಂವ. ಕಟ್ಟೂದಾದ್ರ ಅವನ್ನ ಕಟ್ಟಬೇಕು."

ಆ ಮೂರು ದಿನದ ಕಾಯಿಗಳ ಬೀಜ ಯಾರಿಗೂ ಕೊಡದೆ ಮರುವರ್ಷ ನಾನೇ ಹಾಕಿದೆ. ಪ್ರತಿ ಬಳ್ಳಿಯ ಎಳೆಗಾಯಿ ಕಚ್ಚಿ ನೋಡಿದೆ. ಒಂದೂ ಕಹಿಯಿಲ್ಲ. ಅತ್ತೆಗೆ ನಾನು ಹೇಳಲಿಲ್ಲ, ಅಷ್ಟು ಸುಲಭಕ್ಕೆ ಸೋಲುವವಳಲ್ಲ ನಾನು. ಆದರೆ ನಾನು ಉಗುಳದೆ ನುಂಗಿದ್ದನ್ನು ಅವರು ಬಾಗಿಲಲ್ಲಿ ನಿಂತು ನೋಡಿದ್ದರು. ಸ್ಟೂಲು ಎತ್ತಿಕೊಂಡು ಗೋಡೆಯ ಕಡೆ ಹೊರಟರು.

ಆಚೆಯಿಂದ ದನಿ ಬಂತು: "ಗ್ವಾಡಿ ಹತ್ತಬ್ಯಾಡ್ರಿ ಆಯಿ, ಈ ಸಲ ನಾನ ಕಟ್ಟೀನಿ."