ಶುಕ್ರವಾರದ ಉಗುರು

ಹೊಸ ಸೋಫಾದ ತುದಿಯಲ್ಲಿ ನೂಲು ಕಿತ್ತುಬಂದದ್ದೇ ಕೋಟದ ಅಣ್ಣಯ್ಯನ ಗ್ರಹಚಾರಕ್ಕೆ ಮೂಲ. ಮುಂಬೈಯ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಊರಿಗೆ ಬಂದ ಮೇಲೆ ಅವನಿಗಿದ್ದ ಸುಖ ಎರಡೇ: ಆ ಸೋಫಾದ ಮೇಲೆ ಮಧ್ಯಾಹ್ನದ ನಿದ್ದೆ, ಮತ್ತು ಚಿನ್ನು ಎಂಬ ಬೆಕ್ಕು. ಹೆಂಡತಿ ಸರಸ ಈಗ ಎರಡನ್ನೂ ಎದುರುಬದುರು ನಿಲ್ಲಿಸಿದ್ದಳು.

“ಇನ್ನೊಂದ್ ನೂಲ್ ಎದ್ರೆ, ಇದನ್ನ ಗೋಣಿಗ್ ಹಾಯ್ಕಂಡ್ ಹೋಯಿ ಗಂಗೊಳ್ಳಿ ಬಂದರಿಗೆ ಬಿಟ್ಟ್ ಬನಿ. ಮೀನ್ ತಿಂದ್ಕಂಡ್ ಇರ್ಲಿ.”

ಮನೆಯಲ್ಲಿ ಅಣ್ಣಯ್ಯನ ಮಾತನ್ನು ಕೊನೆತನಕ ಕೇಳುವ ಜೀವ ಅದೊಂದೇ. ಕುಂದಾಪುರದ ಪಶುವೈದ್ಯರಿಗೆ ಫೋನ್ ಮಾಡಿದ. ಉಗುರಿನ ಬಿಳಿ ತುದಿಯನ್ನಷ್ಟೇ ಕತ್ತರಿಸಿ, ಒಳಗೆ ಕೆಂಪಗೆ ಕಾಣುವುದನ್ನು ಮುಟ್ಟಬೇಡಿ, ಕೆರೆಯಲು ತೆಂಗಿನ ಹಗ್ಗ ಸುತ್ತಿದ ಕಂಬ ಇಡಿ ಎಂದರು ಅವರು. ಅಣ್ಣಯ್ಯ ಬೆವರಿಳಿಸಿ ಕಂಬ ಸಿದ್ಧಮಾಡಿದ. ಚಿನ್ನು ಅದನ್ನು ಮೂಸಿ, ಬೆನ್ನು ತಿರುಗಿಸಿ ಕೂತಿತು.

ನೇಲ್ ಕಟರ್ ಹೊರಬಂದದ್ದೇ ತಡ, ಪಕ್ಕದ ಮನೆಯ ಪದ್ದು ಬೇಲಿಯಾಚೆಯಿಂದ ಕತ್ತು ಚಾಚಿದ.

“ಹ್ವಾಯ್, ಇವತ್ತ್ ಶುಕ್ರವಾರ ಅಲ್ದಾ? ಉಗ್ರ್ ತೆಗುಕಾತ್ತಾ?”

ಈ ಶಾಸ್ತ್ರವನ್ನು ಅಣ್ಣಯ್ಯನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಂಗಳವಾರ, ಶುಕ್ರವಾರ, ತಾನು ಹುಟ್ಟಿದ ಶನಿವಾರ, ಏಕಾದಶಿ, ಅಮಾವಾಸ್ಯೆ ಯಾವತ್ತೂ ಅವನು ಉಗುರಿನ ಸುದ್ದಿಗೆ ಹೋದವನಲ್ಲ. ಉಳಿದ ದಿನಗಳಲ್ಲಿ ಅವನಿಗೆ ಮರೆತುಹೋಗುತ್ತಿತ್ತು. ಬೆಕ್ಕಿಗೆ ಎಂತ ವಾರ ಎಂದು ವಾದಿಸಿ ಕೆಲಸಕ್ಕೆ ಇಳಿದ.

ಅಷ್ಟರಲ್ಲಿ ಎದುರುಮನೆಯ ಮೀನು ಮಾರುವ ಜಲಜಕ್ಕ, ಬೆಕ್ಕು ಹಿಡಿಯುವುದು ತನ್ನ ಕೆಲಸವೆಂದು ಬುಟ್ಟಿ ಇಳಿಸಿ ಬಂದಳು. ಪದ್ದುವೂ ಶಾಸ್ತ್ರ ಮರೆತು ಟವೆಲ್ ಹಿಡಿದ. ಮೂವರೂ ಸೇರಿ ಮೊದಲು ಸುತ್ತಿದ್ದು ಅಣ್ಣಯ್ಯನ ಎಡಗೈಯನ್ನು. ಅಂತೂ ಬಂಗಡೆ ಮೀನಿನ ತುಂಡೊಂದು ಬಾಯಿಗೆ ಬಿದ್ದ ಮೇಲೆ ಚಿನ್ನುವಿನ ಉಗುರು ತುದಿಗಳು ಉದುರಿದವು. ಕೆಂಪು ಕಂಡದ್ದು ಅಣ್ಣಯ್ಯನ ಮೂಗಿನ ಮೇಲೆ ಮಾತ್ರ. ಚಿನ್ನು ಮುನಿಸಿಕೊಂಡು ಜಲಜಕ್ಕನ ಮನೆಯ ಹೆಂಚಿನ ಮಾಡು ಹತ್ತಿತು.

ಬೆಕ್ಕು ಉಳಿಯಿತೆಂಬ ನೆಮ್ಮದಿಯಲ್ಲಿ ಅಣ್ಣಯ್ಯ ಊಟ ಮುಗಿಸಿ ಸೋಫಾದ ಮೇಲೆ ಕಾಲು ಚಾಚಿದ. ಸುಖವಾಗಿ ಮಗ್ಗುಲು ಬದಲಿಸುವಾಗ ಪರ್ರೆಂದು ಸದ್ದಾಗಿ ಎಚ್ಚರವಾಯಿತು. ಸರಸ ಕಾಲಬುಡದಲ್ಲಿ ನಿಂತಿದ್ದಳು. ಸೋಫಾದಲ್ಲಿ ಹೊಸ ಗೀರು.

ಚಿನ್ನು ಯಾವಾಗ ಬಂತು ಎಂದು ಕೇಳುವಾಗ ಅವನಿಗೆ ಅಳುವೇ ಬಂದಿತ್ತು.

“ಅದ್ ಇನ್ನೂ ಮಾಡಿನ್ ಮೇಲೇ ಇತ್ತ್. ನಿಮ್ ಕಾಲ್ ಕಾಣಿ.”

ಅವನ ಹೆಬ್ಬೆರಳ ಉಗುರಿಗೆ ಮೊಳದುದ್ದ ನೂಲು ಸಿಕ್ಕಿಕೊಂಡಿತ್ತು. ಬಾಗಿಲಲ್ಲಿ ಜಲಜಕ್ಕ ತೋಳು ಏರಿಸುತ್ತಿದ್ದಳು, ಪದ್ದು ಟವೆಲ್ ಕೊಡವುತ್ತಿದ್ದ. ಇವತ್ತು ಶುಕ್ರವಾರ, ನಾಳೆ ತನ್ನ ಶನಿವಾರ ಎಂದು ಅಣ್ಣಯ್ಯ ಗೋಗರೆದ. ಸರಸ ಶಾಸ್ತ್ರಕ್ಕೆ ಅಡ್ಡ ಬರಲಿಲ್ಲ.

“ಹಂಗಾರೆ ಅಲ್ಲಿವರಿಗೆ ಚಾಪಿ ಮೇಲ್ ಮನೀಕಣಿ. ಕೆರುಕೆ ಕಂಬ ಇತ್ತಲ್ಲ.”

ಸಂಜೆ ಚಿನ್ನು ಮಾಡಿನಿಂದ ಇಳಿದು ಬಂತು. ನೆಲದ ಮೇಲಿದ್ದ ಯಜಮಾನನನ್ನು ಒಮ್ಮೆ ನೋಡಿ, ಸೋಫಾ ಹತ್ತಿ, ಉದ್ದಕ್ಕೆ ಮಲಗಿತು.